ವಾಡೆಗೆ ಬಂದ ರಾಮಪ್ಪ

ನಮ್ಮ ಸೀಮೆಯಲ್ಲಿ ದತ್ತಕದ ಮಾತು ಬಂತೆಂದರೆ ಅದರ ಬೆನ್ನಿಗೆ ಹೊಲದ ಮಾತು ಬಂದೇ ಬರುತ್ತದೆ. ಕೌಜಲಗಿಯ ಕಟ್ಟೆಯ ಮೇಲೆ ಹಿರಿಯರು ಕೂಡಿ ಕುಳಿತು ಹಳೆಯ ಮನೆತನಗಳ ಸುದ್ದಿ ತೆಗೆದಾಗ, ಯಾವ ಗೌಡಕಿಗೆ ಯಾವ ಊರಿನ ಹುಡುಗ ದತ್ತಕ ಬಂದನು, ಎಷ್ಟು ಕೂರಿಗೆ ಭೂಮಿ ಅವನ ಹೆಸರಿಗೆ ಹತ್ತಿತು, ದಾಯಾದಿಗಳು ಎಷ್ಟು ವರುಷ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದರು ಎಂಬುದನ್ನೆಲ್ಲ ಬೆರಳು ಮಡಿಚಿ ಎಣಿಸಿ ಹೇಳಬಲ್ಲರು. ಆದರೆ ಹಾಗೆ ಬಂದ ಹುಡುಗನು ಬಂದ ದಿನದ ರಾತ್ರಿ ಯಾರ ಮಗ್ಗುಲಲ್ಲಿ ಮಲಗಿದನು, ನಡುರಾತ್ರಿ ಎಚ್ಚರವಾದಾಗ ಯಾರನ್ನು ಕೂಗಿದನು ಎಂದು ಯಾರೂ ಹೇಳಿದುದನ್ನು ನಾನು ಕೇಳಿಲ್ಲ. ಕಾಗದಪತ್ರಗಳಲ್ಲಿಯೂ ಅದಕ್ಕೆ ಸ್ಥಳವಿಲ್ಲ. ದತ್ತಕಪತ್ರದಲ್ಲಿ ಕೊಡುವವರ ಸಹಿ ಇರುತ್ತದೆ, ತೆಗೆದುಕೊಳ್ಳುವವರ ಸಹಿ ಇರುತ್ತದೆ, ಸಾಕ್ಷಿದಾರರ ಸಹಿ ಇರುತ್ತದೆ. ಹುಡುಗನ ಒಪ್ಪಿಗೆಯನ್ನು ಹಳೆಯ ಧರ್ಮಶಾಸ್ತ್ರವೂ ಕೇಳಲಿಲ್ಲ, ಅದನ್ನು ಆಧರಿಸಿ ನ್ಯಾಯ ಹೇಳಿದ ಇಂಗ್ಲಿಷರ ಕೋರ್ಟುಗಳೂ ಕೇಳಲಿಲ್ಲ.

ಇಂಥ ಹುಡುಗರಲ್ಲಿ ಒಬ್ಬನ ಹೆಸರು ಮಾತ್ರ ಉಳಿದಿದೆ. ಕೌಜಲಗಿಯಿಂದ ದಕ್ಷಿಣಕ್ಕೆ ಹೊರಟು ಯರಗಟ್ಟಿಯನ್ನು ದಾಟಿದರೆ ಸವದತ್ತಿಯ ಸೀಮೆ, ಅಲ್ಲಿ ಸಿರಸಂಗಿ. ಹಿಂದೆ ಅದು ಪರಸಗಡ ತಾಲೂಕಿಗೆ ಸೇರಿತ್ತು. ದೂರದೂರದ ಭಕ್ತರು ಆ ಊರನ್ನು ಕಾಳಿಕಾದೇವಿಯ ಕ್ಷೇತ್ರವೆಂದು ಅರಿತು ಬರುತ್ತಾರೆ. ಅದೇ ಊರಿನಲ್ಲಿ ದೇಸಾಯರ ವಾಡೆಯೂ ಇದೆ. ಬೆಳಗಾವಿಯಲ್ಲಿ ಓದಿದವರೆಲ್ಲರ ಬಾಯಲ್ಲಿ ಆಡುವ ಲಿಂಗರಾಜ ಕಾಲೇಜಿನ ಹೆಸರು ಈ ವಾಡೆಯ ಕೊನೆಯ ದೊರೆಯದು. ತ್ಯಾಗವೀರ ಎಂಬ ಬಿರುದನ್ನು ಜೊತೆಗೆ ಸೇರಿಸದೆ ಸಿರಸಂಗಿ ಲಿಂಗರಾಜರ ಹೆಸರನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಬಿರುದು ಯೋಗ್ಯವಾದುದೇ. ಆದರೆ ಬಿರುದಿನ ಪ್ರಭೆಯಲ್ಲಿ ಮನುಷ್ಯನ ಮುಖ ಮಸಕಾಗುವುದುಂಟು. ಆ ಮುಖದ ಹಿಂದಿನ ಬಾಲಕನಂತೂ ಕಾಣದೆಯೇ ಹೋಗುತ್ತಾನೆ. ನನಗೆ ಬಹುಕಾಲದಿಂದ ಕುತೂಹಲವಿರುವುದು ಆ ಬಾಲಕನ ವಿಷಯದಲ್ಲಿ.

ಅವನ ಹೆಸರು ಲಿಂಗರಾಜನಲ್ಲ, ರಾಮಪ್ಪ. ಹುಟ್ಟಿದ್ದು 1861ನೆಯ ಇಸವಿಯ ಜನೇವರಿ 10ರಂದು, ಲಕ್ಷ್ಮೇಶ್ವರದ ಬಳಿಯ ಶಿಗ್ಲಿಯಲ್ಲಿ. ಮಗ್ಗಗಳ ಸದ್ದಿಗೆ ಹೆಸರಾದ ಊರು ಅದು. ಅವನು ಹುಟ್ಟುವುದಕ್ಕೆ ಮೂರು ವರುಷ ಮುಂಚೆಯಷ್ಟೇ ಆ ಸೀಮೆಯಲ್ಲಿ ದತ್ತಕದ ಹೆಸರಿನಲ್ಲಿ ರಕ್ತ ಹರಿದಿತ್ತು. ನರಗುಂದದ ಬಾಬಾಸಾಹೇಬ ಭಾವೆಗೆ ಗಂಡುಮಕ್ಕಳಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಅಪ್ಪಣೆ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅದಕ್ಕೂ ಹಿಂದೆ, 1824ರಲ್ಲಿ, ಕಿತ್ತೂರು ಹೊತ್ತಿ ಉರಿದುದು ಇದೇ ಕಾರಣಕ್ಕೆ. ಆಮೇಲೆ ಸರಕಾರ ಧೋರಣೆ ಬದಲಿಸಿತು. 1862ರಲ್ಲಿ ಕ್ಯಾನಿಂಗ್ ಪ್ರಭು ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟನು. ಮುಂಬಯಿ ಪ್ರಾಂತದ ವತನದಾರರ ಸಂಗಡವೂ ತೆರಿಗೆ ನಜರಾಣೆಗಳ ಹೊಸ ಒಪ್ಪಂದಗಳಾದವು. ಹೀಗಾಗಿ ದೊಡ್ಡ ಮನೆತನಗಳಲ್ಲಿ ಹುಡುಗರನ್ನು ಹುಡುಕುವ ಕಾಲ ಪ್ರಾರಂಭವಾಯಿತು. ಮೈಸೂರಿನ ಅರಮನೆಗೆ 1865ರಲ್ಲಿ ಒಂದು ಕೂಸು ಬಂತು. ಖಾನದೇಶದ ಕಡೆಯ ಕವಳಾಣೆ ಎಂಬ ಹಳ್ಳಿಯ ರೈತನ ಮಗ ಗೋಪಾಲನು 1875ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡನಾದನು. ಶಿಗ್ಲಿಯ ರಾಮಪ್ಪ ಸಿರಸಂಗಿಯ ವಾಡೆಗೆ ಬಂದುದು ಇವೆರಡರ ನಡುವೆ, 1872ರಲ್ಲಿ.

ಆಗ ಅವನಿಗೆ ಸುಮಾರು ಹನ್ನೊಂದು ವರುಷ. ಈ ವಯಸ್ಸನ್ನು ಓದುಗರು ಗಮನಿಸಬೇಕು. ತೊಟ್ಟಿಲ ಕೂಸಾಗಿದ್ದರೆ ಬಂದ ಮನೆಯೇ ಹುಟ್ಟಿದ ಮನೆಯಾಗುತ್ತಿತ್ತು; ಹದಿನೆಂಟರ ತರುಣನಾಗಿದ್ದರೆ ಲಾಭನಷ್ಟಗಳನ್ನು ತೂಗಿ ನೋಡುವ ಬುದ್ಧಿ ಇರುತ್ತಿತ್ತು. ಹನ್ನೊಂದರ ಹುಡುಗನಿಗೆ ತಾಯಿಯ ಕೈಯ ರೊಟ್ಟಿಯ ರುಚಿ ಗೊತ್ತು, ಗೆಳೆಯರ ಹೆಸರು ಗೊತ್ತು, ಊರ ಕೆರೆಯ ದಾರಿ ಗೊತ್ತು. ತನ್ನನ್ನು ಯಾತಕ್ಕೆ ಒಯ್ಯುತ್ತಿದ್ದಾರೆ ಎಂಬುದು ಮಾತ್ರ ಅರ್ಧ ಗೊತ್ತು. ಹುಬ್ಬಳ್ಳಿ ಗದಗುಗಳ ರೈಲು ಬಂದದ್ದು 1884ರಲ್ಲಿ. ಅದಕ್ಕೆ ಮುಂಚೆ ಶಿಗ್ಲಿಯಿಂದ ಸಿರಸಂಗಿಗೆ ಹೋಗುವುದೆಂದರೆ ಕೆಲವು ದಿನಗಳ ಬಂಡಿಯ ದಾರಿ. ನೆನಸಿದಾಗ ತಾಯಿಯನ್ನು ನೋಡಿ ಬರುವಂಥ ದೂರವಲ್ಲ. ಶಾಸ್ತ್ರದ ಪ್ರಕಾರ ಅವಳು ಇನ್ನು ತಾಯಿಯೂ ಅಲ್ಲ. ದತ್ತಕ ಹೋದ ಮಗನು ಹುಟ್ಟಿದ ಮನೆಗೆ ಸತ್ತಂತೆ. ಅಲ್ಲಿಯ ಆಸ್ತಿಯಲ್ಲಿ ಅವನಿಗೆ ಪಾಲಿಲ್ಲ. ರಾಮಪ್ಪ ಎಂಬ ಹೆಸರನ್ನೂ ಶಿಗ್ಲಿಯಲ್ಲಿಯೇ ಬಿಟ್ಟು ಅವನು ಲಿಂಗರಾಜನಾದನು.

ಸಿರಸಂಗಿಯ ಜಾಯಪ್ಪ ದೇಸಾಯರ ಮನೆಯಲ್ಲಿ ಅವನಿಗೆ ದೊರೆತ ತಾಯಂದಿರು ಇಬ್ಬರು: ಗಂಗಾಬಾಯಿ ಮತ್ತು ಉಮಾಬಾಯಿ. ಒಬ್ಬ ತಾಯಿಯನ್ನು ಬಿಟ್ಟು ಬಂದವನಿಗೆ ಇಬ್ಬರು ದೊರೆತರೆಂದು ಹಾಡಿನಲ್ಲಿ ಹೇಳಬಹುದು. ಕಾಯಿದೆಯ ದೃಷ್ಟಿಯಿಂದ ಆದುದು ಬೇರೆ. ಅಂದಿನ ಹಿಂದೂ ಕಾಯಿದೆಯನ್ನು ಇಲ್ಲಿ ಸ್ವಲ್ಪ ವಿವರಿಸದೆ ಗತ್ಯಂತರವಿಲ್ಲ. ಏಕೆಂದರೆ ಆ ವಾಡೆಯ ಹವೆ ಕೆಟ್ಟುದು ಯಾರೋ ಒಬ್ಬರ ದುಷ್ಟತನದಿಂದಷ್ಟೇ ಎಂದು ನಾನು ನಂಬಲಾರೆ. ಪಾಲಾಗಿ ಬೇರೆಯಾದ ಮನೆಯಲ್ಲಿ ಗಂಡುಸಂತಾನವಿಲ್ಲದೆ ಗಂಡ ತೀರಿಕೊಂಡರೆ ಆಸ್ತಿ ವಿಧವೆಯ ಕೈಗೆ ಬರುತ್ತಿತ್ತು. ಅದೂ ಅವಳ ಜೀವಮಾನದ ಮಟ್ಟಿಗೆ ಮಾತ್ರ. ತೀರ ತಗಾದೆಯ ಕಾರಣವಿಲ್ಲದೆ ಒಂದು ತುಂಡು ನೆಲವನ್ನೂ ಅವಳು ಮಾರುವಂತಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಗಂಡನ ಸ್ಪಷ್ಟವಾದ ಅಪ್ಪಣೆಯಿಲ್ಲದೆಯೂ ವಿಧವೆಯು ದತ್ತಕ ತೆಗೆದುಕೊಳ್ಳಬಹುದಾಗಿತ್ತು; ಇಬ್ಬರು ಹೆಂಡಿರಿದ್ದರೆ ಹಿರಿಯಳಿಗೆ ಮೊದಲ ಅಧಿಕಾರ. ಆದರೆ ದತ್ತಕಪುತ್ರನು ಮನೆಗೆ ಬಂದನೆಂದರೆ ಆಸ್ತಿಯೆಲ್ಲ ಅವನದು. ತಾಯಿಗೆ ಉಳಿಯುವುದು ಅನ್ನ ಅರಿವೆಯ ಹಕ್ಕು ಮಾತ್ರ. ಅಂದರೆ ದೊಡ್ಡ ಮನೆತನದಲ್ಲಿ ಹುಡುಗನು ಮಗನೆಂದು ಸಿದ್ಧವಾದರೆ ವಿಧವೆಯು ಅವನ ಕೈ ಕಾಯುವವಳು. ಅವನು ಮಗನಲ್ಲವೆಂದು ಸಿದ್ಧವಾದರೆ ಅವಳೇ ಒಡತಿ. ಹುಡುಗನು ಮನೆತನದ ದೀಪ; ಅದೇ ಹುಡುಗನು ತಾಯಿಯ ಊಟದ ತಟ್ಟೆಯ ಮುಂದೆ ಕುಳಿತ ಪ್ರತಿವಾದಿ.

ಉಮಾಬಾಯಿಯವರು ಆ ದತ್ತಕವನ್ನು ಮನಸ್ಸಿನಿಂದ ಒಪ್ಪಲಿಲ್ಲ. ಮನೆಯ ಜಗಳ ಕೋರ್ಟಿಗೆ ಹೋಯಿತು. ಊರವರ ಬಾಯಿ ಇದಕ್ಕಿಂತ ಘೋರವಾದ ಸಂಗತಿಗಳನ್ನೂ ಹೇಳುತ್ತದೆ. ಸತ್ತವರು ಎದ್ದು ಬಂದು ಉತ್ತರ ಕೊಡಲಾರರಾದುದರಿಂದ ಅವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಬರೆಯದಿದ್ದರೂ ಕೊರತೆಯಾಗದು. ತನ್ನನ್ನು ಮಗನಲ್ಲವೆಂದು ಸಾಧಿಸಲು ಒಬ್ಬ ತಾಯಿ ವಕೀಲರನ್ನು ನೇಮಿಸಿದ್ದಾಳೆ ಎಂಬುದೊಂದೇ ಸಾಕು. ಬಡವರ ಮನೆಯ ಮಲತಾಯಿ ಹೊಡೆಯಬಹುದು, ಉಪವಾಸ ಕೆಡವಬಹುದು. ನೆರೆಯವರು ಬಂದು ಬಿಡಿಸುತ್ತಾರೆ, ಹುಡುಗನು ಅತ್ತು ಮರೆಯುತ್ತಾನೆ. ವಾಡೆಯ ವ್ಯಾಜ್ಯದಲ್ಲಿ ಹೊಡೆತವಿಲ್ಲ. ಅಲ್ಲಿ ಎಲ್ಲರೂ ಮಾತನ್ನು ಅಳೆದು ಆಡುತ್ತಾರೆ, ಏಕೆಂದರೆ ಆಡಿದ ಮಾತು ನಾಳೆ ಸಾಕ್ಷಿಯಾಗಬಹುದು. ಹುಡುಗನನ್ನು ಮಗನೇ ಎಂದು ಒಬ್ಬಳು ಕರೆದರೆ ಅದರಿಂದ ಒಂದು ಪಕ್ಷಕ್ಕೆ ಬಲ, ಕರೆಯದಿದ್ದರೆ ಇನ್ನೊಂದಕ್ಕೆ. ಕಾರಭಾರಿ, ಗುಮಾಸ್ತ, ಅಡಿಗೆಯವ, ಆಳುಮಗ—ಪ್ರತಿಯೊಬ್ಬನೂ ಯಾವನಾದರೊಬ್ಬ ಒಡೆಯನ ಕಡೆಯವನು. ಅಂಥ ಮನೆಯಲ್ಲಿ ಹುಡುಗನಿಗೆ ಯಾರಾದರೂ ಬೆಲ್ಲ ಕೊಟ್ಟರೂ ಅದು ಬರೀ ಬೆಲ್ಲವಾಗಿರಲಾರದು. ಇದು ನನ್ನ ಊಹೆಯೆಂದು ಓದುಗರು ಎಣಿಸಬಹುದು. ಆದರೆ ದೇಸಗತಿಯ ವ್ಯಾಜ್ಯಗಳನ್ನು ಬಲ್ಲವರು ಇದನ್ನು ಊಹೆಯೆನ್ನಲಾರರು.

ಪರದೇಶದ ಕಾದಂಬರಿಕಾರರು ಈ ವಸ್ತುವನ್ನು ನಮಗಿಂತ ಮೊದಲೇ ಕಂಡುಕೊಂಡರು. ಡಿಕನ್ಸನು 1853ರಲ್ಲಿ ಮುಗಿಸಿದ ‘ಬ್ಲೀಕ್ ಹೌಸ್’ನಲ್ಲಿ ಒಂದು ಆಸ್ತಿಯ ವ್ಯಾಜ್ಯ ತಲೆಮಾರುಗಳ ಕಾಲ ನಡೆದು, ಕೊನೆಗೆ ಖರ್ಚಿನಲ್ಲಿಯೇ ಆಸ್ತಿ ಕರಗಿಹೋಗುತ್ತದೆ. ಅದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದುದು ಫ್ರೆಂಚ್ ಲೇಖಕ ಬಾಲ್ಜಾಕನ ‘ಯೂಜೆನಿ ಗ್ರಾಂದೆ’. 1833ರ ಪುಸ್ತಕವದು. ಸೋಮೂರ್ ಎಂಬ ಊರಿನಲ್ಲಿ ಪೀಪಾಯಿ ಮಾಡುವ ಕಸುಬಿನಿಂದ ಶ್ರೀಮಂತನಾದ ಜಿಪುಣ. ಬಂಗಾರದ ನಾಣ್ಯಗಳನ್ನು ಮಗಳಿಗೆ ಕಾಣಿಕೆ ಕೊಟ್ಟು, ಅವು ಇದ್ದಂತೆಯೇ ಇವೆಯೋ ಎಂದು ಎಣಿಸಿ ನೋಡುವ ತಂದೆ. ಒಬ್ಬರನ್ನೇ ಒಮ್ಮೆ ಪ್ರೀತಿಸಿ ಮೋಸಹೋದ ಮಗಳು. ಕೊನೆಗೆ ಲಕ್ಷಾಂತರ ಹಣ ಅವಳ ಕೈಗೆ ಬರುತ್ತದೆ. ಅವಳು ತಂದೆಯ ಕಾಲದಂತೆಯೇ ಚಳಿಗಾಲದಲ್ಲಿ ಗೊತ್ತಾದ ದಿನ ಬರುವ ತನಕ ಒಲೆ ಹಚ್ಚದೆ ಬದುಕಿ, ಹಣವನ್ನು ಮುದುಕರ ಆಶ್ರಮಕ್ಕೆ, ಮಕ್ಕಳ ಶಾಲೆಗೆ, ಗ್ರಂಥಾಲಯಕ್ಕೆ ಹಂಚುತ್ತಾಳೆ. ಮೊದಲ ಸಲ ಓದಿದಾಗ ಇದು ನನಗೆ ಉದಾರತೆಯ ಚಿತ್ರವಾಗಿ ಕಂಡಿತು. ಸಿರಸಂಗಿಯ ಇತಿಹಾಸವನ್ನು ಅರಿತ ಮೇಲೆ ಓದಿದಾಗ, ಹಣವನ್ನು ಮೈಯಿಂದ ಕಿತ್ತೆಸೆಯುವವಳ ಚಿತ್ರವಾಗಿ ಕಂಡಿತು.

ಲಿಂಗರಾಜರ ಹರೆಯದ ವರುಷಗಳನ್ನು ನಾನು ಬೇಗ ದಾಟಿ ಹೋಗುತ್ತೇನೆ. ಅವರು ಹದಿನೈದು ಹದಿನೇಳರ ವಯಸ್ಸಿನಲ್ಲಿದ್ದಾಗ, 1876ರಿಂದ 1878ರ ವರೆಗೆ, ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬರಗಾಲದಲ್ಲಿ ಬೆಂದವು. ಹಗೇವು ತುಂಬಿದ ಮನೆ ಯಾವುದು, ಬರಿದಾದ ಮನೆ ಯಾವುದು ಎಂಬುದು ಕೂಸುಗಳಿಗೂ ತಿಳಿದ ಕಾಲವದು. ಪ್ರಾಯಕ್ಕೆ ಬಂದು ಅಧಿಕಾರ ಕೈಗೆ ಬಂದ ಮೇಲೆ ಅವರು ದೇಸಾಯಿಗಳ ಹಳೆಯ ಠೀವಿಯಲ್ಲಿ ಮೈಮರೆಯಲಿಲ್ಲ. ಆಗ ಕನ್ನಡ ನಾಡಿನ ಈ ಭಾಗದಲ್ಲಿ ಒಂದು ಕಾಲೇಜೂ ಇರಲಿಲ್ಲ; ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಮೆಟ್ರಿಕ್ ದಾಟಿದ ಹುಡುಗನು ಮುಂದೆ ಓದಬೇಕಾದರೆ ಪುಣೆಗೋ ಕೊಲ್ಹಾಪುರಕ್ಕೋ ಮುಂಬಯಿಗೋ ಹೋಗಬೇಕು, ಅದಕ್ಕೆ ಮನೆಯಲ್ಲಿ ರೊಕ್ಕ ಬೇಕು. ಒಕ್ಕಲುತನದ ಮನೆಗಳಲ್ಲಿ ರೊಕ್ಕವಿರಲಿಲ್ಲ. ಇದ್ದಲ್ಲಿ ಓದು ಬೇಕೆಂಬ ಹಂಬಲವಿರಲಿಲ್ಲ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು ಲಿಂಗಾಯತರ ವಿದ್ಯಾಭಿವೃದ್ಧಿಗೆಂದು ಸಂಸ್ಥೆ ಕಟ್ಟಿದರು. ಆ ಕಾರ್ಯಕ್ಕೆ ಹೆಗಲು ಕೊಟ್ಟವರಲ್ಲಿ ಲಿಂಗರಾಜರೂ ಒಬ್ಬರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಕೂಡಿದಾಗ ಅಧ್ಯಕ್ಷಪೀಠವನ್ನು ಅವರಿಗೇ ಕೊಟ್ಟರು. ಸಭೆಯಲ್ಲಿ ಕುಳಿತವರ ಕಣ್ಣಿಗೆ ಅವರು ನವಲಗುಂದ-ಸಿರಸಂಗಿಯ ದೊರೆ, ಸಮಾಜದ ಮುಂದಾಳು, ಸುಖವಂತ.

ಮನೆಗೆ ಮರಳಿದರೆ ವಾಡೆ. ಅವರ ತರುವಾಯ ಆ ವಾಡೆಯನ್ನು ಆಳಬಲ್ಲ ಮಗು ಉಳಿಯಲಿಲ್ಲ. ಒಂದು ತಲೆಮಾರಿನ ಹಿಂದೆ ಜಾಯಪ್ಪ ದೇಸಾಯರ ಮನೆಗೆ ಬಂದ ಪ್ರಶ್ನೆಯೇ ಮತ್ತೆ ಬಂದು ಬಾಗಿಲಲ್ಲಿ ನಿಂತಿತು. ಅದಕ್ಕೆ ಆ ಕಾಲದ ದೇಸಾಯಿ, ಇನಾಮದಾರ, ಜಹಗೀರದಾರರೆಲ್ಲರೂ ಅರಿತ ಉತ್ತರ ಒಂದೇ: ಒಬ್ಬ ಹುಡುಗನನ್ನು ನೋಡುವುದು. ಹುಡುಗರಿಗೆ ಕೊರತೆಯಿರಲಿಲ್ಲ, ದೇಸಗತಿಯ ಗಾದಿಗೆ ಮಗನನ್ನು ಕೊಡುತ್ತೇನೆನ್ನುವ ತಂದೆಯರು ಸಾಲುಗಟ್ಟಿ ನಿಲ್ಲುತ್ತಿದ್ದರು. ಲಿಂಗರಾಜರು ಯಾವ ಹುಡುಗನನ್ನೂ ನೋಡಲಿಲ್ಲ.

ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವ ಸಂಗತಿ ಇದು. ದಾನದ ಮಾತನ್ನು ಎಲ್ಲರೂ ಆಡುತ್ತಾರೆ. ಮಾಡದೆ ಬಿಟ್ಟ ಈ ಒಂದು ಕೆಲಸದ ಮಾತನ್ನು ಯಾರೂ ಆಡುವುದಿಲ್ಲ. ಮನೆತನದ ಹೆಸರು ನಿಲ್ಲಬೇಕೆಂಬುದು ಆ ಕಾಲದಲ್ಲಿ ಧರ್ಮವೆಂದೇ ಎಣಿಕೆಯಾಗಿತ್ತು. ತಾನೇ ಅದಕ್ಕಾಗಿ ತರಲ್ಪಟ್ಟವನು. ಆ ಧರ್ಮವನ್ನು ಮುರಿಯಲು ಅವರಿಗೆ ಇದ್ದ ಕಾರಣವನ್ನು ಅವರು ಎಲ್ಲಿಯಾದರೂ ಹೇಳಿಕೊಂಡರೋ ಇಲ್ಲವೋ, ಶಿಗ್ಲಿಯಿಂದ ಸಿರಸಂಗಿಗೆ ಬಂದ ದಾರಿಯೇ ಸಾಕಷ್ಟು ದೊಡ್ಡ ಕಾರಣ ಎಂದು ನನ್ನ ತಿಳಿವಳಿಕೆ. ಇನ್ನೊಂದು ಊರಿನ ಇನ್ನೊಬ್ಬ ರಾಮಪ್ಪನನ್ನು ತಂದು, ಹೆಸರು ಬದಲಿಸಿ, ಅದೇ ಜಗುಲಿಯ ಮೇಲೆ ಕೂಡ್ರಿಸಿ, ಅದೇ ವ್ಯಾಜ್ಯಗಳ ನಡುವೆ ಬೆಳೆಸುವುದು ಅವರಿಂದ ಆಗದೆ ಹೋಯಿತು. ಪ್ರೀತಿಯಿಂದ ಬೆಳೆದ ದತ್ತಕಪುತ್ರನಾಗಿದ್ದರೆ ಅವರೂ ಮತ್ತೊಬ್ಬನನ್ನು ಸಂತೋಷದಿಂದ ತರುತ್ತಿದ್ದರೇನೋ. ನಮ್ಮ ಸೀಮೆಯಲ್ಲಿ ಅಂಥ ಮನೆಗಳೂ ಇವೆ ಎಂಬುದನ್ನು ಮರೆಯಬಾರದು; ಹಡೆದವಳಿಗಿಂತ ಹೆಚ್ಚಾಗಿ ಸಾಕಿದ ತಾಯಂದಿರನ್ನು ನಾನೇ ಕಂಡಿದ್ದೇನೆ. ಅವು ಬಹುತೇಕ ಹೊಲವಿಲ್ಲದ ಮನೆಗಳೆಂಬುದನ್ನೂ ಹೇಳಬೇಕು.

1906ರಲ್ಲಿ ಲಿಂಗರಾಜರು ಮೃತ್ಯುಪತ್ರ ಬರೆದರು. ದೇಸಗತಿಯ ಉತ್ಪನ್ನವೆಲ್ಲ ಲಿಂಗಾಯತ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಲ್ಲಬೇಕೆಂಬುದು ಅದರ ತಿರುಳು. ಅದೇ ವರುಷದ ಆಗಸ್ಟ್ 23ರಂದು ಅವರು ತೀರಿಕೊಂಡರು. ವಯಸ್ಸು ನಾಲ್ವತ್ತೈದು. ತನ್ನ ಸಮಾಜದ ಹುಡುಗರಿಗಷ್ಟೇ ಎಂದು ಬರೆದುದನ್ನು ಇಂದಿನ ಓದುಗರು ಸಂಕುಚಿತವೆನ್ನಬಹುದು; ನನಗೂ ಹಾಗೆನ್ನಿಸದೆ ಇಲ್ಲ. ಜಾತಿಗೊಂದು ವಸತಿಗೃಹ, ಜಾತಿಗೊಂದು ಶಿಷ್ಯವೃತ್ತಿ ಎಂದು ಎಲ್ಲರೂ ಯೋಚಿಸುತ್ತಿದ್ದ ಕಾಲವದು. ಅವರು ತಮ್ಮ ಕಾಲವನ್ನು ಆ ವಿಷಯದಲ್ಲಿ ಮೀರಲಿಲ್ಲ. ಆದರೆ ರಕ್ತಸಂಬಂಧವನ್ನೂ ಮನೆತನವನ್ನೂ ಮೀರಿದರು. ಗುರುತು ಪರಿಚಯವಿಲ್ಲದ, ಇನ್ನೂ ಹುಟ್ಟದ ಮಕ್ಕಳು ಆಸ್ತಿಗೆ ವಾರಸುದಾರರಾದರು. ಅವರಲ್ಲಿ ಒಬ್ಬನೂ ಹೆತ್ತ ತಾಯಿಯನ್ನು ಬಿಟ್ಟು ಬರಬೇಕಾಗಿಲ್ಲ, ಒಬ್ಬನೂ ಹೆಸರು ಬದಲಿಸಬೇಕಾಗಿಲ್ಲ. ಮೃತ್ಯುಪತ್ರದ ಈ ಗುಣವನ್ನು ಮೆಚ್ಚಿದಷ್ಟು ಅದರ ಮೊತ್ತವನ್ನು ನಾನು ಮೆಚ್ಚಲಾರೆ.

ಸತ್ತ ಮೇಲೂ ವ್ಯಾಜ್ಯ ಅವರನ್ನು ಬಿಡಲಿಲ್ಲ. ಮೃತ್ಯುಪತ್ರವನ್ನು ಪ್ರಶ್ನಿಸಿ ಮತ್ತೆ ಕೋರ್ಟುಗಳಲ್ಲಿ ಕದನ ನಡೆಯಿತು. ಅದರಲ್ಲಿ ಉಮಾಬಾಯಿಯವರ ಹೆಸರು ಮತ್ತೆ ಬರುತ್ತದೆ. ಮೂವತ್ತು ವರುಷಕ್ಕೂ ಮೇಲ್ಪಟ್ಟ ಕಾಲ ಒಂದೇ ಮನೆತನದ ಭೂಮಿಗಾಗಿ ಹೋರಾಡಿದ ಆ ಹೆಣ್ಣುಮಗಳನ್ನು ನಮ್ಮ ಚರಿತ್ರಕಾರರು ಕಥೆಯ ಖಳನಾಯಿಕೆಯಾಗಿ ಮಾಡಿ ಮುಂದೆ ಸಾಗುತ್ತಾರೆ. ನನ್ನ ಮನಸ್ಸು ಹಾಗೆ ಸಾಗಲಾರದು. ಅವಳ ಪಾಲಿಗೆ ಭೂಮಿಯೆಂದರೆ ಏನಾಗಿತ್ತು? ವಿಧವೆಗೆ ಓದಿಲ್ಲ, ಉದ್ಯೋಗವಿಲ್ಲ, ಮರುಮದುವೆಯಿಲ್ಲ, ಹೊರಗೆ ಕಾಲಿಡುವಂತಿಲ್ಲ. ಆಸ್ತಿ ಕೈಯಲ್ಲಿದ್ದರೆ ಬಾಯಿಸಾಹೇಬರು. ಇಲ್ಲದಿದ್ದರೆ ಅಡಿಗೆಮನೆಯ ಮೂಲೆಯಲ್ಲಿ ಎರಡು ಸೀರೆಯ ಬಾಧ್ಯಸ್ಥಳು. ಆ ಭಯದಲ್ಲಿ ಮನುಷ್ಯರು ಮಕ್ಕಳ ಮುಖ ನೋಡುವುದ ಮರೆಯುತ್ತಾರೆ. ಹಾಗೆಂದು ಹುಡುಗನಿಗಾದುದು ಕಡಿಮೆಯಾಗುವುದಿಲ್ಲ. ಒಂದೇ ಕಾಯಿದೆ ಇಬ್ಬರನ್ನೂ ಎದುರುಬದುರು ಕೂಡ್ರಿಸಿತು. ಅವಳು ದೊಡ್ಡವಳಾಗಿದ್ದಳು, ಅವನು ಹನ್ನೊಂದರವನಾಗಿದ್ದನು.

ಕೊನೆಗೂ ನವಲಗುಂದ-ಸಿರಸಂಗಿ ಟ್ರಸ್ಟು ನಿಂತಿತು. ಅದರ ನೆರವಿನಿಂದ ಓದಿದವರ ಸಂಖ್ಯೆ ದೊಡ್ಡದು. ಉತ್ತರ ಕರ್ನಾಟಕದಲ್ಲಿ ಹಳ್ಳಿಯಿಂದ ಎದ್ದು ಬಂದ ಎಷ್ಟೋ ಶಿಕ್ಷಕರ, ವಕೀಲರ, ವೈದ್ಯರ ಮನೆಗಳಲ್ಲಿ ಆ ಹೆಸರನ್ನು ಇಂದಿಗೂ ಕೈಮುಗಿದು ಹೇಳುತ್ತಾರೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಪ್ರೌಢಶಾಲೆಯಿಂದ ಆರಂಭವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಗೋಕಾಕ, ಹುಕ್ಕೇರಿ, ಸವದತ್ತಿಗಳ ಹುಡುಗರು ಪುಣೆಯ ಗಾಡಿ ಹತ್ತದೆ ಪದವೀಧರರಾಗುವುದು ಆಮೇಲೆ ಸಾಧ್ಯವಾಯಿತು. ದೇಸಗತಿಗಳ ವತನಗಳನ್ನು ಮುಂಬಯಿ ಸರಕಾರ 1951ರಲ್ಲಿ ಕಿತ್ತುಹಾಕಿತು.

ಐದು ವರುಷಗಳ ತರುವಾಯ, 1956ರಲ್ಲಿ, ಪಾರ್ಲಿಮೆಂಟು ಎರಡು ಕಾಯಿದೆಗಳನ್ನು ಮಾಡಿತು. ಒಂದರಿಂದ ವಿಧವೆಯು ತನ್ನ ಪಾಲಿಗೆ ಪೂರ್ಣ ಒಡತಿಯಾದಳು. ಇನ್ನೊಂದು ದತ್ತಕದ ಕಾಯಿದೆ: ದತ್ತಕ ಬಂದ ಮಗುವು ಅದಾಗಲೇ ಬೇರೊಬ್ಬರಿಗೆ ಸೇರಿದ ಆಸ್ತಿಯನ್ನು ಅವರಿಂದ ಕಳೆಯುವುದಿಲ್ಲ, ಮಗುವನ್ನು ಕೊಟ್ಟು ಹಣ ತೆಗೆದುಕೊಂಡರೆ ಶಿಕ್ಷೆ. ಸಿರಸಂಗಿಯ ಜಗಳದ ಬೇರನ್ನೇ ಕಡಿಯಬಹುದಾಗಿದ್ದ ಈ ಮಾತುಗಳು ಶಾಸನವಾಗುವ ಹೊತ್ತಿಗೆ ಲಿಂಗರಾಜರು ಸತ್ತು 50 ವರುಷಗಳಾಗಿದ್ದವು. ಅದೇ ಕಾಯಿದೆಯ 9ನೆಯ ಕಲಮಿನಲ್ಲಿ, ತಾಯಿತಂದೆಗಳಿಲ್ಲದ ಮಗುವನ್ನು ಪೋಷಕನು ದತ್ತಕ ಕೊಡಬೇಕಾದಾಗ, ಕೋರ್ಟು ಆ ಮಗುವಿನ ವಯಸ್ಸನ್ನೂ ತಿಳಿವಳಿಕೆಯನ್ನೂ ನೋಡಿ ಅದರ ಇಚ್ಛೆ ಏನೆಂಬುದನ್ನು ವಿಚಾರಿಸಬೇಕೆಂದಿದೆ. ಹೆತ್ತವರೇ ಕೊಡುವಾಗ ಕೇಳಬೇಕೆಂದು ಅಲ್ಲಿ ಬರೆದಿಲ್ಲ.